ಬಾಯಿಂದ ಬಂದ ಆವಿ

ನೀಲಿ ಇದೆ, ಹಿಮದೊಳಗೆ ನೀಲಿ ಇದೆ, ಮಡಿಕೆ ಮಡಿಕೆಯಲ್ಲೂ ತೆಳ್ಳಗೆ ನೀಲಿ, ಬಿಸಿಲು ತಾಗಿದ ಏಣಿನ ಮೇಲೆ ಕೆನೆಯ ಬಣ್ಣ, ಅಯ್ಯಬ್ಬ, ಗಾಳಿ ಕೊರೆದ ಗೆರೆಗಳು ಕೂಡ ಒಂದೊಂದಾಗಿ ಬಿಡಿಸಿ ನೋಡುವ ಹಾಗೆ ಬಂದಿವೆಯಲ್ಲ — ಜೀಪು ತಿರುವಿನಲ್ಲಿ ವಾಲುತ್ತದೆ, ತೊಡೆಯ ಮೇಲಿನ ಲ್ಯಾಪ್‌ಟಾಪ್ ಬಾಗಿಲ ಕಡೆ ಜಾರುತ್ತದೆ, ಗಬಕ್ಕನೆ ಹಿಡಿದುಕೊಳ್ಳುತ್ತೇನೆ, ಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲ, ಹಿಡಿದಿದ್ದೇನೆ ಅನ್ನುವುದು ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಮನೆಗೆ ಹೋಗಿ ನೋಡಿದರಾಯಿತು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ, ಜೀಪು ಹತ್ತಿದವಳೇ ಕಾರ್ಡು ಚುಚ್ಚಿ ಕುಳಿತೆ. ಹೋದ ಸಲವೂ ಅದರ ಹಿಂದಿನ ಸಲವೂ ಇದೇ ಕ್ಯಾಮೆರಾ, ಇದೇ ಬೆಟ್ಟ, ಮಾಮೂಲಿ ವಿಡಿಯೋದಲ್ಲಿ ಹಿಮವೆಲ್ಲ ಒಗೆದು ಹರವಿದ ಬಿಳಿ ಹೊದಿಕೆ, ಅದರ ಮುಂದೆ ನಿಂತವರ ಮುಖ ಮಸಿ, ಹಿಮ ಸರಿಮಾಡಹೊರಟರೆ ಮುಖ ಹೋಯಿತು, ಮುಖ ಸರಿಮಾಡಹೊರಟರೆ ಬೆಟ್ಟವೇ ಮಾಯ. ರಿಪೇರಿ ಅಂಗಡಿಯವನು ಅಂದಿದ್ದ, ಒಂದ್ಸಲ ರಾ ವಿಡಿಯೋ ಟ್ರೈ ಮಾಡಿ ನೋಡಿ, ಈ ಕ್ಯಾಮೆರಾಗೆ ತಾಕತ್ತಿದೆ, ಮಾಡಿದೋರು ಬಾಗಿಲು ಮುಚ್ಚಿಟ್ಟಿದಾರೆ ಅಷ್ಟೆ, ಒಂದು ಪುಟ್ಟ ಪ್ರೋಗ್ರಾಂ ಕಾರ್ಡಿಗೆ ಹಾಕಿದ್ರೆ ಕಂಡದ್ದನ್ನ ಕಂಡ ಹಾಗೇ ಹಸಿಹಸಿಯಾಗಿ ಬರ್ಕೊಳ್ಳುತ್ತೆ, ಬೆಳಕು ಬಣ್ಣ ಎಲ್ಲ ಆಮೇಲೆ ಕೂತು ಸರಿಮಾಡ್ಕೊಳ್ಳಿ. ಸರಿಮಾಡಿದೆ, ಈಗಷ್ಟೇ, ಒಂದು ಗುಂಡಿಯನ್ನು ಎಡಕ್ಕೆ ಎಳೆದೆ, ಬಿಳಿಯೆಲ್ಲ ಕರಗಿ ಒಳಗಿಂದ ಬೆಟ್ಟ ಎದ್ದು ಬಂತು, ಬೆಟ್ಟದ ಮುಂದೆ ಅಣ್ಣ, ಹುಬ್ಬಿನ ಮೇಲೆ ಹಿಮದ ಪುಡಿ, ಬಾಯಿಂದ ಆವಿ — ಬಿಳಿಯ ಮುಂದೆ ಬಿಳಿ, ಆದರೂ ಬೇರೆ ಬೇರೆ, ಆವಿಯ ಅಂಚು ಸುರುಳಿ ಸುತ್ತುವುದು ಕೂಡ ಕಾಣುತ್ತದೆ. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದಿರುವ ಅದೇ ಅಣ್ಣ ಹುಬ್ಬು ಹಾರಿಸುತ್ತಾನೆ, ಹೇಗೆ ಬಂದಿದೆ ಅಂತ. ಹೆಬ್ಬೆರಳು ಎತ್ತಿ ತೋರಿಸುತ್ತೇನೆ. ಅವನಿಗೆ ಖುಷಿ, ಸ್ಟೀರಿಂಗಿನ ಮೇಲೆ ಒಂದು ಸಲ ಕುಟ್ಟುತ್ತಾನೆ. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಅಲ್ಲ, ವಾರದಿಂದ ಮನೆಯಲ್ಲಿ ಇದೇ ಭಾಷೆ.

ಊಟ ಬೇಕಾ, ಟಕ್, ಇನ್ನೊಂದು ಸ್ವಲ್ಪ, ಟಕ್ ಟಕ್. ಅತ್ತಿಗೆ ಒಂದು ಸ್ಲೇಟು ತಂದುಕೊಟ್ಟಿದ್ದಾಳೆ, ಮಗಳು ಚಿಕ್ಕವಳಿದ್ದಾಗ ಬರೆದದ್ದು, ಚೌಕಟ್ಟಿನ ಒಂದು ಮೂಲೆ ಹಲ್ಲಿನಲ್ಲಿ ಕಚ್ಚಿದ ಗುರುತು ಇದೆ, ಅದರ ಮೇಲೆ ಅಣ್ಣ ದೊಡ್ಡ ಅಕ್ಷರದಲ್ಲಿ ಉಪ್ಪು ಕಮ್ಮಿ ಅಂತ ಬರೆದು ತೋರಿಸುತ್ತಾನೆ, ಅತ್ತಿಗೆ ಹಣೆ ಚಚ್ಚಿಕೊಳ್ಳುತ್ತಾಳೆ, ಇಷ್ಟು ವರ್ಷ ಮಾತಾಡಿ ಮಾತಾಡಿ ಪ್ರಾಣ ತಿಂದ್ರು, ಈಗ ಮಾತಾಡ್ದೆ ತಿಂತಿದಾರೆ ನೋಡು. ಹೇಳಿ ಅಡುಗೆಮನೆಗೆ ಹೋಗುತ್ತಾಳೆ, ಅಲ್ಲಿ ನಲ್ಲಿ ತಿರುಗಿಸುತ್ತಾಳೆ, ತೊಳೆಯುವುದಕ್ಕೆ ಒಂದು ಪಾತ್ರೆಯೂ ಇಲ್ಲದಿದ್ದರೂ ನೀರು ಬಹಳ ಹೊತ್ತು ಸುರಿಯುತ್ತದೆ. ಗುರುವಾರ ಆಪರೇಷನ್. ಗಂಟಲೊಳಗೆ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಅರ್ಧ ಉಳಿಸುವ ಮಾತಿಲ್ಲ, ಡಾಕ್ಟರು ಪೆನ್ನಿನ ಹಿಂಬದಿಯಿಂದ ಚಿತ್ರದ ಮೇಲೆ ತೋರಿಸಿದರು, ಜೀವಕ್ಕೆ ನಾನು ಗ್ಯಾರಂಟಿ ಕೊಡ್ತೀನಿ, ಧ್ವನಿ ಮಾತ್ರ ಕೇಳಬೇಡಿ. ಹೋಗ್ಲಿ ಬಿಡಿ ಸಾರ್, ಮನೇಲಿ ಹೇಗೂ ಯಾರೂ ಕೇಳಿಸ್ಕೊಳ್ತಿರ್ಲಿಲ್ಲ, ಅಂದ ಅಣ್ಣ, ಕರಕರ ಅನ್ನುವ ಗಂಟಲಲ್ಲಿ, ಡಾಕ್ಟರೂ ನಕ್ಕರು, ನಾನೂ ನಕ್ಕೆ, ನಗದೆ ಇದ್ದವಳು ಅತ್ತಿಗೆ ಒಬ್ಬಳೇ. ಆಮೇಲೆ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು ನಿಲ್ಲಿಸಿದ, ಏ ಮೊಂಡಿ, ಮೇಲಿನ ಕಣಿವೇಲಿ ನಿಂತು ಎರಡು ಮಾತಾಡ್ಬೇಕು ಕಣೆ, ಹುಟ್ಟೋ ಮಗೂಗೆ, ನೀನು ತೆಗೀಬೇಕು. ಅಣ್ಣನ ಮಗಳಿಗೆ ಹಿಮ ಕರಗುವ ಹೊತ್ತಿಗೆ ಹೆರಿಗೆ. ತಾತ ಮೂಗ ಅಂದ್ಕೋಬಾರ್ದು ಅಷ್ಟೆ, ಅಂದ. ಮನೇಲೇ ಕೂತು ಹೇಳಿದ್ರಾಗಲ್ವಾ ಅಂದದ್ದಕ್ಕೆ, ಮನೇಲಿ ಏನಿದೆ, ನನ್ನ ಜೀವಮಾನ ಎಲ್ಲ ಅಲ್ಲಿ ತಾನೆ ಹೋಗಿದ್ದು, ಅಂದ. ನಿಜ, ಅವನ ಜೀವಮಾನವೆಲ್ಲ ಹೋಗಿದ್ದು ಆ ಕಣಿವೆಯ ರಸ್ತೆಯ ಹಿಮ ದೂಡುವ ಯಂತ್ರದ ಮೇಲೆ, ಅದರ ಆರ್ಭಟದ ಮೇಲೆ ಕೂಗಿ ಕೂಗಿಯೇ ಆ ಗಂಟಲು ಅಷ್ಟು ದೊಡ್ಡದಾಗಿದ್ದು, ಫೋನಿನಲ್ಲಿ ಅವನು ಮಾತಾಡಿದರೆ ಫೋನೇ ಬೇಡವಾಗಿತ್ತು, ಆ ಕಡೆಯವರಿಗೆ ಕಿಟಕಿಯಿಂದಲೇ ಕೇಳಿಸುತ್ತಿತ್ತು. ಡಾಕ್ಟರು ಒಪ್ಪಲಿಲ್ಲ, ಕೊನೆಗೆ ಒಪ್ಪಿದರು, ಒಂದೇ ಸಲ, ಸ್ವಲ್ಪ ಹೊತ್ತು, ಅದಕ್ಕೆ ಮುಂಚೆ ಒಂದು ವಾರ ಪೂರ್ತಿ ಮೌನ, ಆಮೇಲೂ ಮೌನ, ಮತ್ತೆ ಮತ್ತೆ ಎಳೆದರೆ ರಕ್ತ ಬರುತ್ತದೆ. ಅದಕ್ಕೇ ಈ ಸ್ಲೇಟು, ಈ ಟಕ್ ಟಕ್. ಒಂದು ವಾರ ಬಾಯಿ ಕಟ್ಟಿ ಕೂಡಿಸಿಟ್ಟ ಧ್ವನಿಯನ್ನು ಈ ಮಧ್ಯಾಹ್ನ ಕಣಿವೆಯಲ್ಲಿ ನಿಂತು ಖರ್ಚು ಮಾಡಿದ್ದಾನೆ. ಈಗ ಅವನ ಗಂಟಲಲ್ಲಿ ಪಿಸುಮಾತೂ ಇಲ್ಲ.

ಧ್ವನಿ ಕೇಳೋಣ, ಹೆಡ್‌ಫೋನ್ ಎಲ್ಲಿ, ಸೀಟಿನ ಕೆಳಗೆ ಒದ್ದೆ ಬೂಟಿನ ಪಕ್ಕದಲ್ಲಿ, ಹಾಕಿಕೊಳ್ಳುತ್ತೇನೆ, ಇಂಜಿನ್ನಿನ ಸದ್ದು ದೂರ ಸರಿಯುತ್ತದೆ, ಚಕ್ರದ ಸರಪಳಿಯ ಜಣಜಣವೂ ದೂರ, ತೆರೆಯ ಮೇಲೆ ಅಣ್ಣ ಬಾಯಿ ತೆರೆಯುತ್ತಾನೆ, ಆವಿ ಬರುತ್ತದೆ — ಮಾತಿಲ್ಲ. ವೈರು ಸಡಿಲ ಇರಬೇಕು, ತಿರುಗಿಸಿ ಒತ್ತುತ್ತೇನೆ, ಕಿತ್ತು ಉಫ್ ಅಂತ ಊದಿ ಮತ್ತೆ ಹಾಕುತ್ತೇನೆ, ಧ್ವನಿ ಪೂರ್ತಿ ಏರಿಸುತ್ತೇನೆ, ಅಣ್ಣ ಕೈ ಚಾಚಿ ಹಿಂದಿನ ಬೆಟ್ಟ ತೋರಿಸುತ್ತಾನೆ, ಏನೋ ಹೇಳಿ ನಗುತ್ತಾನೆ, ಆವಿ, ಆವಿ, ಮಾತಿಲ್ಲ. ಎರಡನೇ ತುಣುಕು, ಮೂರನೇದು, ಅಲ್ಲೂ ಇಲ್ಲ. ಹಳೆಯ ಒಂದು ಮದುವೆಯ ವಿಡಿಯೋ ತೆರೆದು ನೋಡಿದೆ, ಬ್ಯಾಂಡಿನವರು ಕಿವಿ ಹರಿದುಹೋಗುವಷ್ಟು ಜೋರಾಗಿ ಊದುತ್ತಿದ್ದಾರೆ, ಹೆಡ್‌ಫೋನ್ ಗಟ್ಟಿಮುಟ್ಟಾಗಿದೆ. ಮತ್ತೆ ಅಣ್ಣ. ಮತ್ತೆ ಮೌನ. ಗೊತ್ತಾಗಿತ್ತು, ಎರಡನೇ ತುಣುಕು ತೆರೆಯುವ ಮೊದಲೇ ಗೊತ್ತಾಗಿತ್ತು — ಈ ಹಸಿ ವಿಡಿಯೋ ಬರೀ ಚಿತ್ರವನ್ನಷ್ಟೇ ಬರೆದುಕೊಳ್ಳುತ್ತದೆ, ಧ್ವನಿಯನ್ನು ಬರೆದುಕೊಳ್ಳುವುದೇ ಇಲ್ಲ, ಧ್ವನಿಗೆ ಬೇರೆ ರೆಕಾರ್ಡರ್ ಇಡಬೇಕು, ಆ ಪ್ರೋಗ್ರಾಂನ ಸೂಚನೆಯಲ್ಲಿ ಓದಿದ್ದೆನಲ್ಲ, ಕಾರ್ಡು ಎಷ್ಟು ವೇಗದ್ದಿರಬೇಕು ಅನ್ನುವುದರ ಕೆಳಗೆ ಎಲ್ಲೋ ಒಂದು ಸಾಲು, ಕಣ್ಣು ಅದರ ಮೇಲೆ ಹಾದುಹೋಗಿತ್ತು, ಅಷ್ಟೆ. ಟ್ರೈ ಮಾಡಿ ನೋಡಿಕೊಳ್ಳದೆ ಬಂದವಳಲ್ಲ ನಾನು, ಹತ್ತಾರು ಸಲ ಮಾಡಿದ್ದೆ, ಬಿಳಿ ಕಪ್ಪನ್ನು ಕಿಟಕಿಯಲ್ಲಿಟ್ಟು ತೆಗೆದೆ, ಪರದೆಯನ್ನು ತೆಗೆದೆ, ಎದುರು ಮನೆಯ ಮಾಡಿನ ಹಿಮವನ್ನು ತೆಗೆದೆ, ಬಿಸಿಲಲ್ಲಿ ಮಲಗಿದ ಬಿಳಿ ಬೆಕ್ಕನ್ನು ತೆಗೆದೆ. ಬಿಳಿ ಸುಡುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಬಿಳಿ ವಸ್ತುಗಳು. ಒಂದಾದರೂ ಬಾಯಿ ಬಿಟ್ಟಿತೇ? ಆ ಬೆಕ್ಕು ಒಂದೇ ಒಂದು ಸಲ ಮಿಯಾಂವ್ ಅಂದಿದ್ದರೆ ಸಾಕಿತ್ತು.

ಪಟ್ಟಿಗಳು ಕುಣಿಯುತ್ತಿದ್ದವು, ಅದು ಮೋಸ. ಅಣ್ಣನ ಜಾಕೆಟ್ಟಿನ ಕಾಲರಿಗೆ ಮೈಕು ಸಿಕ್ಕಿಸಿ, ವೈರನ್ನು ಹಿಮದ ಮೇಲೆ ಎಳೆದು ಕ್ಯಾಮೆರಾಗೆ ಚುಚ್ಚಿ, ಏನಾದ್ರೂ ಹೇಳಣ್ಣ ಅಂದಾಗ ಅವನು ಧ್ವನಿ ಹಾಳಾಗ್ಬಾರ್ದು ಅಂತ ಮಾತಾಡದೆ ಚಪ್ಪಾಳೆ ತಟ್ಟಿದ, ತೆರೆಯ ಮೂಲೆಯಲ್ಲಿ ಧ್ವನಿಯ ಎರಡು ಹಸಿರು ಪಟ್ಟಿಗಳು ಮೇಲಕ್ಕೆ ಹಾರಿದವು, ಸರಿ ಬಿಡು ಅಂದುಕೊಂಡೆ. ಕ್ಯಾಮೆರಾ ಕೇಳಿಸಿಕೊಳ್ಳುತ್ತಿತ್ತು, ಬರೆದುಕೊಳ್ಳುತ್ತಿರಲಿಲ್ಲ. ನನ್ನ ಕಸುಬಿನವರಿಗಲ್ಲದೆ ಬೇರೆ ಯಾರಿಗೂ ಈ ತಪ್ಪು ಆಗುವುದಕ್ಕೆ ಸಾಧ್ಯವಿಲ್ಲ, ಮದುವೆ ವಿಡಿಯೋ ತೆಗೆಯುವವರಿಗೆ ಧ್ವನಿ ಅಂದರೆ ಕಸ, ಕೆಮ್ಮು, ಪಾತ್ರೆ ಬಿದ್ದದ್ದು, ಯಾರದೋ ಚಿಕ್ಕಪ್ಪನ ಗೊಣಗಾಟ, ಎಡಿಟಿಂಗಿಗೆ ಕೂತ ತಕ್ಷಣ ಮೊದಲು ಮಾಡುವ ಕೆಲಸವೇ ಎಲ್ಲವನ್ನೂ ಆಯ್ದು ಧ್ವನಿ ಅಳಿಸಿ ಮೇಲೊಂದು ಹಾಡು ಎಳೆಯುವುದು, ಇಷ್ಟು ವರ್ಷದಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದೇನೋ ಲೆಕ್ಕವೇ ಇಲ್ಲ. ಅಣ್ಣನ ಮಗಳ ಮದುವೆಗೂ ಹಾಗೇ. ಅವತ್ತು ಅಣ್ಣ ಕುರ್ಚಿ ಹತ್ತಿ ನಿಂತು ಬೀಗರೆದುರು ಅರ್ಧ ಊರಿಗೆ ಕೇಳುವಂತೆ ಭಾಷಣ ಮಾಡಿದ್ದ, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ನಾನು ಅದರ ಮೇಲೆ ಪಿಟೀಲು ಹಾಕಿದೆ, ಸೊಗಸಾಗಿ ಬಂತು, ಅತ್ತೆ ಎಷ್ಟು ಚೆನ್ನಾಗಿ ಮಾಡಿದೀರ ಅಂತ ಹುಡುಗಿ ಅಪ್ಪಿಕೊಂಡಳು. ಮೂಲದ್ದು ಇಲ್ಲ, ಡಿಸ್ಕಿನಲ್ಲಿ ಜಾಗ ಬೇಕಿತ್ತು, ಮುಂದಿನ ಮದುವೆ ಬಂದಿತ್ತು. ಫೋನು? ಫೋನಿನಲ್ಲಾದರೂ ಒಂದು ರೆಕಾರ್ಡ್ ಇಟ್ಟಿದ್ದರೆ. ಚಳಿಗೆ ಬ್ಯಾಟರಿ ಸಾಯುತ್ತದೆ ಎಂದು ಎದೆಯ ಒಳಜೇಬಿನಲ್ಲಿ ಕ್ಯಾಮೆರಾದ ಬ್ಯಾಟರಿಗಳನ್ನು ಮರಿಗಳ ಹಾಗೆ ಬೆಚ್ಚಗೆ ಇಟ್ಟುಕೊಂಡಿದ್ದೆ, ಅಲ್ಲಿ ಫೋನಿಗೆ ಜಾಗವಿರಲಿಲ್ಲ, ಅದು ಇಲ್ಲೇ, ಜೀಪಿನ ಈ ಗೂಡಿನಲ್ಲಿ, ಸತ್ತು ಬಿದ್ದಿತ್ತು. ಅಣ್ಣ ಮತ್ತೆ ನನ್ನ ಕಡೆ ನೋಡುತ್ತಾನೆ, ನಾನು ಮತ್ತೆ ಹೆಬ್ಬೆರಳು ಎತ್ತುತ್ತೇನೆ, ಥೂ ನನ್ನ ಹೆಬ್ಬೆರಳೇ.

ಹೇಳಿಬಿಡಲಾ? ಅಣ್ಣ, ಜೀಪು ತಿರುಗಿಸು, ಇನ್ನೊಂದ್ಸಲ ಮಾಡೋಣ ಅಂತ ಹೇಳಿದರೆ ತಿರುಗಿಸುತ್ತಾನೆ, ನನಗೆ ಗೊತ್ತು, ಒಂದು ಮಾತು ಬೈಯದೆ ತಿರುಗಿಸುತ್ತಾನೆ, ಮೇಲೆ ಹೋಗಿ ನಿಂತು ಬಾಯಿ ತೆರೆಯುತ್ತಾನೆ, ರಕ್ತ ಬರುತ್ತದೆ. ಆಗುವುದಿಲ್ಲ. ಹೇಳದೆ ಇದ್ದರೆ — ಗುರುವಾರ ಕಳೆದು, ಎಚ್ಚರಾಗಿ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದು ಸೋಫಾದ ಮೇಲೆ ಕೂತು ಹಾಕು ನೋಡೋಣ ಅಂತ ಸ್ಲೇಟಿನಲ್ಲಿ ಬರೆಯುತ್ತಾನಲ್ಲ, ಆವಾಗ? ಪಿಟೀಲು ಹಾಕಲಾ? ಇಲ್ಲ, ನಾನೇ ಹೇಳಬೇಕು, ಆ ಮಗುವಿಗೆ, ಬಾಯಿ ಮಾತಲ್ಲಿ, ನೋಡು ಕಂದ, ನಿಮ್ಮ ತಾತ ಕಣಿವೆಯಲ್ಲಿ ನಿಂತು ಹೀಗಂದ್ರು ಅಂತ. ಅಲ್ಲಿದ್ದವಳು ನಾನೊಬ್ಬಳೇ ತಾನೆ, ಅವನ ಮುಂದೆ ಎರಡು ಮಾರು ದೂರದಲ್ಲಿ ನಿಂತಿದ್ದೆ, ಆ ಕಣಿವೆಯಲ್ಲಿ ಕಿವಿ ಅಂತ ಇದ್ದದ್ದು ನನ್ನವೇ ಎರಡು. ಸರಿ, ಏನಂದ ಅವನು? ಮೊದಲು ಏನಂದ? ಕಂದಾ ಅಂದ, ಹೌದು, ಶುರುವಿನಲ್ಲಿ ಕಂದಾ ಅಂದ, ಕರಕರ ಇತ್ತು, ಆಮೇಲೆ ಗಂಟಲು ಬಿಟ್ಟುಕೊಂಡು ಹಳೇ ಧ್ವನಿ ಬಂತು, ಅಯ್ಯೋ ಬಂತಲ್ಲ ಅಂತ ನನಗೆ ಮೈ ಜುಂ ಅಂದಿತು, ಆಮೇಲೆ — ಆಮೇಲೆ ಕ್ಯಾಮೆರಾ ತೆರೆಯ ಮೇಲಿನ ಹಸಿರು ಚುಕ್ಕೆ ಹಳದಿಯಾಯಿತು. ಕಾರ್ಡು ತುಂಬ ನಿಧಾನವಾದರೆ ಆ ಚುಕ್ಕೆ ಹಳದಿಯಾಗಿ ಕೆಂಪಾಗುತ್ತದೆ, ಕೆಂಪಾದರೆ ನಿಂತೇ ಹೋಗುತ್ತದೆ, ನಾನು ಚುಕ್ಕೆ ನೋಡುತ್ತಿದ್ದೆ. ಹಸಿ ವಿಡಿಯೋ ತೆಗೆಯುವಾಗ ತೆರೆಯ ಚಿತ್ರ ಕಪ್ಪುಬಿಳುಪಾಗಿ ಎಳೆದೆಳೆದು ಬರುತ್ತದೆ, ಅದರಲ್ಲಿ ಕಣ್ಣು ಸ್ಪಷ್ಟವಾಗಿದೆಯೋ ಮೂಗಿನ ತುದಿ ಸ್ಪಷ್ಟವಾಗಿದೆಯೋ ಹೇಳುವುದು ಕಷ್ಟ, ನಾನು ಕಣ್ಣಿನ ರೆಪ್ಪೆ ನೋಡುತ್ತಿದ್ದೆ, ಬಿಳಿ ಸುಡುವ ಅಂಚು ನೋಡುತ್ತಿದ್ದೆ, ಬ್ಯಾಟರಿ ನೋಡುತ್ತಿದ್ದೆ, ಕಾರ್ಡಿನಲ್ಲಿ ಉಳಿದ ಜಾಗ ನೋಡುತ್ತಿದ್ದೆ. ಅಣ್ಣ ತನ್ನ ಕೊನೆಯ ಮಾತಾಡುತ್ತಿದ್ದ, ನಾನು ಅವನ ಧ್ವನಿಯ ಪಟ್ಟಿ ಕೆಂಪಿಗೆ ಹೋಗದಂತೆ ನೋಡಿಕೊಳ್ಳುತ್ತಿದ್ದೆ. ಏನಂದ? ರಸ್ತೆ ಅಂದ. ಎಲ್ಲೋ ಒಂದು ಕಡೆ ನಿನ್ನ ಅಜ್ಜಿ ಅಂದು ನಕ್ಕ. ಮಧ್ಯದಲ್ಲಿ ಹಿಮ ಕುಸಿದ ಆ ವರ್ಷದ ಕಥೆ ಇರಬೇಕು, ಕೈ ಮೇಲೆತ್ತಿ ಕೆಳಗೆ ಬಿಟ್ಟನಲ್ಲ, ಇರಬೇಕು. ಇರಬೇಕು ಅಂತ ಮಗುವಿಗೆ ಹೇಳಲಾಗುವುದಿಲ್ಲ. ಮನೇಲಿ ಹೇಗೂ ಯಾರೂ ಕೇಳಿಸ್ಕೊಳ್ತಿರ್ಲಿಲ್ಲ ಅಂದಿದ್ದ, ನಾವು ನಕ್ಕಿದ್ದೆವು.

ನೆನಪಿರುವುದು ಬೇರೆ ಮಾತು, ಯಾವುದೋ ಕಾಲದ್ದು. ಶಾಲೆಯಿಂದ ಬರುವಾಗ ಮಂಜು ಕವಿದು ದಾರಿ ಹೋಯಿತು, ನಾನು ಎರಡನೇ ಕ್ಲಾಸಿನಲ್ಲೋ ಮೂರರಲ್ಲೋ ಇದ್ದೆ, ಚೀಲದ ಮೇಲೆ ಹಿಮ, ರೆಪ್ಪೆಯ ಮೇಲೆ ಹಿಮ, ಎತ್ತ ನೋಡಿದರೂ ಬಿಳಿ, ಕೈ ಚಾಚಿದರೆ ಕೈಯೂ ಕಾಣದು, ಅಳಬಾರದು ಎಂದು ಹಠದಲ್ಲಿ ನಿಂತುಬಿಟ್ಟಿದ್ದೆ, ಆಗ ಎಲ್ಲಿಂದಲೋ ಮೊಂಡೀ ಅಂತ ಕೇಳಿತು. ಅಣ್ಣ ಆಗಷ್ಟೇ ಯಂತ್ರದ ಕೆಲಸಕ್ಕೆ ಸೇರಿದ್ದ, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ, ಯಂತ್ರ ನಿಲ್ಲಿಸಿ ಅದರ ನೆತ್ತಿಯ ಮೇಲೆ ಹತ್ತಿ ನಿಂತು ಕೂಗುತ್ತಿದ್ದ, ಮೊಂಡೀ, ಬೆಟ್ಟ ಅದನ್ನೇ ತಿರುಗಿ ಕೂಗುತ್ತಿತ್ತು, ಯಾವುದು ಅಣ್ಣ ಯಾವುದು ಬೆಟ್ಟ ಗೊತ್ತಾಗುತ್ತಿರಲಿಲ್ಲ, ಹೆಚ್ಚು ಬೆಚ್ಚಗಿದ್ದ ಕೂಗಿನ ಕಡೆ ನಡೆದೆ, ಅವನು ಸಿಕ್ಕಿದ. ಸಿಕ್ಕಿದ ತಕ್ಷಣ ಮೊದಲು ಬೈದ, ಗ್ಲೌಸ್ ಎಲ್ಲೇ, ಮತ್ತೆ ಬಿಚ್ಚಿ ಚೀಲಕ್ಕೆ ತುರುಕಿದೀಯಾ, ಕೈ ನೋಡು ಕೆಂಪಗೆ ಗಜ್ಜರಿ ಆಗಿದೆ. ಆ ಹೆಸರು ಬಂದದ್ದೇ ಅದರಿಂದ, ಎಷ್ಟು ಹೊಡೆದರೂ ಗ್ಲೌಸು ಹಾಕುವವಳಲ್ಲ, ಬೆರಳು ಬಿಡಿಯಾಗಿರಬೇಕು ನನಗೆ, ಈಗಲೂ, ಕ್ಯಾಮೆರಾದ ಗುಂಡಿ ಬಟ್ಟೆಯೊಳಗಿಂದ ತಿಳಿಯುವುದಿಲ್ಲ. ನನ್ನ ಗ್ಲೌಸು ಅಗೋ ಜೀಪಿನ ಮುಂದಿನ ಗಾಜಿನ ಕೆಳಗೆ, ಬಿಸಿಗಾಳಿ ಬರುವ ಕಿಂಡಿಯ ಮೇಲೆ, ಬೆಳಗಿನಿಂದ ಅಲ್ಲೇ ಇವೆ, ಬೆಚ್ಚಗೆ ಊದಿಕೊಂಡು ಮಲಗಿವೆ. ಆ ಮೊಂಡೀ ಅನ್ನುವ ಕೂಗು ನನಗೆ ಈಗಲೂ ಕಿವಿಯಲ್ಲಿದೆ, ಇವತ್ತಿನದು ಒಂದು ಪದವೂ ಇಲ್ಲ, ಇದು ಎಂಥ ಕಿವಿ.

ನಿಧಾನಕ್ಕೆ ನೋಡಬೇಕು, ಹಸಿ ವಿಡಿಯೋದಲ್ಲಿ ಒಂದೊಂದು ಚಿತ್ರವೂ ಒಂದೊಂದು ಫೋಟೋ, ಬಾಣದ ಗುಂಡಿ ಒತ್ತಿದರೆ ಒಂದೊಂದೇ ಹೆಜ್ಜೆ ಮುಂದೆ, ತುಟಿ ಓದಬಹುದು, ಯಾಕಾಗಬಾರದು, ಕಿವುಡರು ಓದುತ್ತಾರೆ, ನಾನು ಈ ಮುಖವನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಒತ್ತುತ್ತೇನೆ, ಬಾಯಿ ತೆರೆಯುತ್ತದೆ, ಒತ್ತುತ್ತೇನೆ, ನಾಲಿಗೆ ಹಲ್ಲಿಗೆ ತಾಗುತ್ತದೆ, ಒತ್ತುತ್ತೇನೆ, ಆವಿ. ಆವಿ ಮುಖವನ್ನು ಮುಚ್ಚುತ್ತದೆ. ಮಾತು ಜೋರಾದಷ್ಟೂ ಆವಿ ದಟ್ಟ, ಮಾತಿನ ಹಿಂದೆ ತುಟಿ ಮಾಯ, ಆವಿ ಸರಿಯುವ ಹೊತ್ತಿಗೆ ಮಾತು ಮುಗಿದಿದೆ. ಎಷ್ಟು ಚೆನ್ನಾಗಿ ಬಂದಿದೆ ಈ ಆವಿ, ಇದಕ್ಕಾಗಿ ತಾನೆ ಇಷ್ಟೆಲ್ಲ ಮಾಡಿದ್ದು, ಮಾಮೂಲಿ ವಿಡಿಯೋದಲ್ಲಿ ಇದು ಹಿಮದ ಬಿಳಿಯಲ್ಲಿ ಸೇರಿ ಕಾಣದೇ ಹೋಗುತ್ತಿತ್ತು, ಆದರೆ ಮಾತು ಕೇಳಿಸುತ್ತಿತ್ತು. ಕೊನೆಯ ತುಣುಕು. ಇಲ್ಲಿ ಅಣ್ಣನಿಗೆ ಸುಸ್ತಾಗಿದೆ, ಆವಿ ತೆಳ್ಳಗಾಗಿದೆ, ಬೆಟ್ಟದ ಕಡೆ ತಿರುಗಿ ಏನೋ ಹೇಳುತ್ತಾನೆ, ನಿಲ್ಲುತ್ತಾನೆ, ಗಂಟಲು ಹಿಡಿದುಕೊಳ್ಳುತ್ತಾನೆ, ಮತ್ತೆ ಈ ಕಡೆ ತಿರುಗುತ್ತಾನೆ, ಆದರೆ ಕಣ್ಣು ಲೆನ್ಸಿನಲ್ಲಿ ಇಲ್ಲ, ಲೆನ್ಸಿನಿಂದ ಸ್ವಲ್ಪ ಕೆಳಗಿದೆ, ಬಲಕ್ಕೆ. ನನ್ನನ್ನು ನೋಡುತ್ತಿದ್ದಾನೆ. ತುಟಿ ಮುಚ್ಚುತ್ತದೆ. ದುಂಡಗಾಗುತ್ತದೆ. ಹಲ್ಲು ಕಾಣುತ್ತದೆ. ಮೊಂಡಿ. ಇದನ್ನು ಓದಲು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೊಂಡಿ, ಆಮೇಲೆ ಇನ್ನೇನೋ, ಚಿಕ್ಕದು, ಎರಡು ಮೂರು ಪದ, ಆವಿ ಬರುತ್ತದೆ, ಅಷ್ಟರಲ್ಲಿ ಚಿತ್ರದ ಮುಂದೆ ಮಸುಕಾಗಿ ಕೆಂಪಗೆ ಏನೋ ಏಳುತ್ತದೆ — ಕೈ, ನನ್ನ ಕೈ, ಕಾರ್ಡು ತುಂಬಿತ್ತು, ನಿಲ್ಲು ನಿಲ್ಲು ಅಂತ ಎತ್ತಿದ ನನ್ನ ಅಂಗೈ. ಅಲ್ಲಿಗೆ ಮುಗಿಯಿತು. ಮಗುವಿಗೆ ಅಂತ ಕೂಡಿಟ್ಟ ಧ್ವನಿಯಲ್ಲಿ ಕೊನೆಯ ಚೂರನ್ನು ನನಗೆ ಕೊಟ್ಟಿದ್ದಾನೆ, ನಾನು ಕೈ ಎತ್ತಿ ನಿಲ್ಲಿಸಿದ್ದೇನೆ. ಹಿಂದಕ್ಕೆ ಒತ್ತುತ್ತೇನೆ, ಮುಂದಕ್ಕೆ ಒತ್ತುತ್ತೇನೆ, ತುಟಿ ಮುಚ್ಚುತ್ತದೆ, ದುಂಡಗಾಗುತ್ತದೆ, ಹಲ್ಲು, ಆವಿ, ಕೈ. ಏನಂದೆ ಅಣ್ಣ?

ಏನಂದೆ ಅಣ್ಣ ಕೊನೇಲಿ, ನನಗೇನೋ ಅಂದ್ಯಲ್ಲ — ಗಟ್ಟಿಯಾಗಿಯೇ ಕೇಳಿಬಿಟ್ಟಿದ್ದೇನೆ, ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ನನ್ನ ಧ್ವನಿ ನನಗೇ ಎಲ್ಲಿಂದಲೋ ಬಂದ ಹಾಗೆ ಕೇಳಿತು. ಅಣ್ಣ ರಸ್ತೆಯಿಂದ ಕಣ್ಣು ತೆಗೆಯದೆ ಕೈ ಚಾಚಿ ಲ್ಯಾಪ್‌ಟಾಪಿನ ಅಂಚನ್ನು ಕುಟ್ಟುತ್ತಾನೆ, ಟಕ್, ಅದರಲ್ಲೇ ಇದೆಯಲ್ಲ, ಕೇಳ್ಕೋ ಅನ್ನುವ ಹಾಗೆ. ಹಿಮ ಮುಗಿದು ಡಾಂಬರು ಕಾಣುವ ಜಾಗ ಬಂತು, ಇಲ್ಲಿ ಎಲ್ಲ ಗಾಡಿಗಳೂ ಚಕ್ರದ ಸರಪಳಿ ಬಿಚ್ಚಬೇಕು, ಜೀಪು ನಿಲ್ಲಿಸಿ ಇಳಿಯುತ್ತಾನೆ, ಬಾಗಿಲು ತೆರೆದೇ ಬಿಟ್ಟಿದ್ದಾನೆ, ಚಳಿ ಒಳಗೆ ನುಗ್ಗುತ್ತದೆ, ಒಂದು ಚಕ್ರದ ಸರಪಳಿ ಜರ್ ಎಂದು ಬೀಳುತ್ತದೆ, ಎರಡನೆಯದೂ, ಬಗ್ಗಿ ಎದ್ದಾಗಲೆಲ್ಲ ಅವನ ತಲೆಯ ಮೇಲೆ ಆವಿ. ಈಗ ಹೇಳು, ಈಗಲೇ ಹೇಳಿಬಿಡು, ಕ್ಷಮಿಸು ಅಣ್ಣ ನಾನು ಹಾಳು ಮಾಡಿದೆ, ಇಷ್ಟೇ ತಾನೆ ಮಾತು, ಲ್ಯಾಪ್‌ಟಾಪ್ ಹಿಡಿದು ಕೂತೇ ಇದ್ದೇನೆ. ಅವನು ಕೈ ಒರೆಸಿಕೊಂಡು ನನ್ನ ಬಾಗಿಲಿಗೆ ಬರುತ್ತಾನೆ, ಬಾಗಿಲು ತೆರೆದು ಬಗ್ಗಿ ತೆರೆಯನ್ನು ನೋಡುತ್ತಾನೆ, ಹಿಮ ನೋಡಿ ಬೆಟ್ಟ ನೋಡಿ ಹುಬ್ಬು ಹಾರುತ್ತದೆ, ಓಹೋ ಅನ್ನುವ ಮುಖ, ಸಹಜವಾಗಿ ನನ್ನ ತಲೆಯಿಂದ ಹೆಡ್‌ಫೋನ್ ಎತ್ತಿ ತನ್ನ ಕಿವಿಗೆ ಹಾಕಿಕೊಳ್ಳುತ್ತಾನೆ, ಟೋಪಿಯ ಮೇಲೇ. ಬೇಡ ಅಣ್ಣ ಅನ್ನುತ್ತೇನೆ. ಅವನೇ ಗುಂಡಿ ಒತ್ತುತ್ತಾನೆ.

ನೋಡುತ್ತಾನೆ, ಮೊದಲು ನಗುತ್ತಾ, ಆಮೇಲೆ ತಲೆ ವಾರೆ ಮಾಡಿ, ಒಂದು ಕಿವಿಯ ಮೇಲೆ ಕೈ ಒತ್ತಿ, ಆಮೇಲೆ ಸುಮ್ಮನೆ. ವೈರು ಮುಟ್ಟಿ ನೋಡುತ್ತಾನೆ, ನಾನು ಮುಟ್ಟಿದ ಹಾಗೇ. ನನ್ನ ಮುಖ ನೋಡುತ್ತಾನೆ, ಅಲ್ಲಿ ಎಲ್ಲ ಬರೆದಿದ್ದಿರಬೇಕು, ಮತ್ತೆ ಅವನು ಏನನ್ನೂ ಮುಟ್ಟಿ ನೋಡಲಿಲ್ಲ. ತೆಗೆಯುವುದಿಲ್ಲ, ಪೂರ್ತಿ ನೋಡುತ್ತಾನೆ, ತನ್ನ ಬಾಯಿ ಆಡುವುದನ್ನು, ಮಾತಿಲ್ಲದ ಮನುಷ್ಯ ಹೇಗಿರುತ್ತಾನೆ ಅನ್ನುವುದನ್ನು, ಗುರುವಾರದ ನಂತರ ಮನೆಯವರೆಲ್ಲ ದಿನಾ ನೋಡಬೇಕಾದ್ದನ್ನು ಅವನು ಮೊದಲೇ ನೋಡುತ್ತಿದ್ದಾನೆ. ನಾನು ಅಳುತ್ತಿದ್ದೇನೆ, ಬೈಯಣ್ಣ, ಒಂದೇಟು ಹೊಡಿ, ಏನಾದ್ರೂ ಮಾಡು. ಕೊನೆಯಲ್ಲಿ ನನ್ನ ಕೈ ಏಳುತ್ತದೆ, ತೆರೆ ಕಪ್ಪಾಗುತ್ತದೆ. ಅಣ್ಣ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಇಳಿಸಿಕೊಳ್ಳುತ್ತಾನೆ, ಹೆಗಲು ಕುಲುಕುತ್ತದೆ, ಅಳುತ್ತಿದ್ದಾನಾ, ಅಲ್ಲ, ನಗುತ್ತಿದ್ದಾನೆ, ಸದ್ದಿಲ್ಲದ ನಗು, ಪುಸು ಪುಸು ಅಂತ ಆವಿ ಬರುತ್ತದೆ, ಕಣ್ಣಲ್ಲಿ ನೀರಿದೆ, ಎರಡೂ ಇದೆ, ಯಾರೂ ಕೇಳಿಸ್ಕೊಳ್ತಿರ್ಲಿಲ್ಲ ಅಂದಿದ್ದೆನಲ್ಲ ಅನ್ನುವ ಹಾಗೆ ನನ್ನ ತಲೆಯ ಮೇಲೊಂದು ಮೊಟಕುತ್ತಾನೆ. ನಾನು ಕೇಳುತ್ತೇನೆ, ಇದೊಂದಾದ್ರೂ ಹೇಳು ಅಣ್ಣ, ಬಾಯಿ ಬಿಡ್ಬೇಡ, ಸ್ಲೇಟಲ್ಲಿ ಬರಿ, ಕೊನೇಲಿ ನನಗೇನಂದೆ. ಅವನು ಹಿಂದಿನ ಸೀಟಿನಲ್ಲಿರುವ ಸ್ಲೇಟಿಗೆ ಕೈ ಹಾಕುವುದಿಲ್ಲ. ನನ್ನ ಮೇಲಿಂದ ಬಗ್ಗಿ ಮುಂದಿನ ಗಾಜಿನ ಕೆಳಗಿನ ಬಿಸಿ ಕಿಂಡಿಯ ಮೇಲಿಂದ ಗ್ಲೌಸು ತೆಗೆಯುತ್ತಾನೆ, ನನ್ನ ಬಲಗೈ ಹಿಡಿದು, ಮಡಿಸಿದ ಬೆರಳು ಒಂದೊಂದನ್ನೂ ಬಿಡಿಸಿ ಒಳಗೆ ತೂರಿಸುತ್ತಾನೆ, ಹೆಬ್ಬೆರಳು ಸಿಕ್ಕಿಕೊಂಡರೆ ಎಳೆದು ಸರಿಮಾಡುತ್ತಾನೆ, ಎರಡನೇ ಕ್ಲಾಸಿನವಳಿಗೆ ಹಾಕುವ ಹಾಗೆ, ಮಣಿಕಟ್ಟಿನ ತನಕ. ಅದರ ಮೇಲೆ ಒಂದು ಸಲ ಕುಟ್ಟುತ್ತಾನೆ, ಟಕ್. ಇದು. ಇದನ್ನೇ ಅಂದದ್ದು.

ಮೊಂಡಿ, ಗ್ಲೌಸ್ ಹಾಕ್ಕೊಳ್ಳೆ. ಮಗುವಿನ ಜೊತೆ ಮಾತಾಡುತ್ತಾ ಮಾತಾಡುತ್ತಾ ಅವನ ಕಣ್ಣಿಗೆ ನನ್ನ ಬೆರಳು ಬಿದ್ದಿತ್ತು, ಗಜ್ಜರಿ ಆಗಿತ್ತು, ಒಂದು ವಾರ ಬಾಯಿ ಕಟ್ಟಿ ಕೂಡಿಸಿದ್ದರಲ್ಲಿ ಉಳಿದದ್ದನ್ನು ಅದಕ್ಕೆ ಖರ್ಚು ಮಾಡಿದ. ಮಗು ದೊಡ್ಡದಾಗಿ ತಾತ ಏನಂದ್ರು ಅಂತ ಕೇಳಿದರೆ ನನ್ನ ಹತ್ತಿರ ಇರುವುದು ಇದೊಂದೇ, ಇಷ್ಟೇ, ಗ್ಲೌಸ್ ಹಾಕ್ಕೋ ಅಂದ್ರು. ಅಣ್ಣ ಸುತ್ತು ಹಾಕಿ ಬಂದು ಕೂತ, ಬಾಗಿಲು ಮುಚ್ಚಿತು, ಜೀಪು ಹೊರಟಿತು, ಸರಪಳಿ ಇಲ್ಲದ ಚಕ್ರಕ್ಕೆ ಸದ್ದೇ ಇಲ್ಲ, ಒಂದು ಕೈಗೆ ಗ್ಲೌಸು ಇನ್ನೊಂದು ಬರಿಗೈ, ಬರಿಗೈ ಬೆರಳು ಬಾಣದ ಗುಂಡಿಯ ಮೇಲೆ, ಒತ್ತುತ್ತೇನೆ, ಅಣ್ಣ ತಿರುಗುತ್ತಾನೆ, ಲೆನ್ಸಿನಿಂದ ಸ್ವಲ್ಪ ಕೆಳಗೆ, ಬಲಕ್ಕೆ, ತುಟಿ ಮುಚ್ಚುತ್ತದೆ, ದುಂಡಗಾಗುತ್ತದೆ, ಹಲ್ಲು, ಬಿಳಿ ಹಿಮದ ಮುಂದೆ ಬಿಳಿ ಆವಿ, ಅಂಚು ಸುರುಳಿ ಸುತ್ತಿ ಇನ್ನೇನು ಒಡೆಯಬೇಕು, ನನ್ನ ಕೈ ಏಳುತ್ತದೆ, ಹಿಂದಕ್ಕೆ, ತುಟಿ ಮುಚ್ಚುತ್ತದೆ, ದುಂಡಗಾಗುತ್ತದೆ, ಆವಿ, ಕೈ, ಹಿಂದಕ್ಕೆ, ಆವಿ, ಕೈ, ನನ್ನ ಬರಿಗೈ